ಹದಿನೇಳನೇ ಕಾಲಂ

ತನಗೆ ಮೂರು ವಾರದಿಂದ ಕೆಮ್ಮು ಇದೆ ಎಂದು ಹುಲಗವ್ವ ಹೇಳಿದಳು. ಫಾರಂನ ಹದಿನೇಳನೇ ಕಾಲಂನಲ್ಲಿ ಕೆಮ್ಮು ಇಲ್ಲ ಎಂದು ತುಂಬಿ ಜಿಲ್ಲೆಗೆ ಇ-ಮೇಲ್ ಹೋಯಿತು. ಹತ್ತೊಂಬತ್ತನೇ ದಿನ ಹುಲಗವ್ವ ಸತ್ತಳು.

ಅವಳು ಹೇಳಿದ್ದನ್ನು ಕಿವಿಯಾರೆ ಕೇಳಿದವಳು ಸಾಂವಕ್ಕ. ಆರೋಗ್ಯ ಸರ್ವೇ ಕೆಲಸದವಳು, ಹುಲಗವ್ವನ ನೆಗೆಣ್ಣಿ ಎಂದರೆ ವಾರಗಿತ್ತಿ, ಒಂದೇ ಗೋಡೆಯ ಈಚೆ ಇಪ್ಪತ್ತು ವರ್ಷ ಬಾಳಿದವಳು. ಅವತ್ತು ಅವಳ ಕೈಯಲ್ಲಿದ್ದದ್ದು ಪೆನ್ನಲ್ಲ, ಅಂಗೈಯಗಲದ ಒಂದು ಯಂತ್ರ. ಅದರೊಳಗೆ ‘ಸರಾಗ’ ಎಂಬ ಸಾಫ್ಟ್‌ವೇರ್. ಅದನ್ನು ಆರಿಸಿದವರಲ್ಲಿ ಮೊದಲು ಕೈ ಎತ್ತಿದವಳೂ ಸಾಂವಕ್ಕನೇ.

ಬಿಳಿಗುಡ್ಡ ಕಾಲನಿಯಲ್ಲಿ ಇನ್ನೂರ ಹದಿನಾಲ್ಕು ಮನೆ. ಎಲ್ಲರದೂ ಕಲ್ಲಿನ ಕೆಲಸ. ಗಂಡಸರು ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಾರೆ, ಹೆಂಗಸರು ಕ್ರಷರಿನ ಬಾಯಿಗೆ ಕಲ್ಲು ಹಾಕುತ್ತಾರೆ. ಅಲ್ಲಿ ಒಗೆದ ಬಟ್ಟೆಯನ್ನು ಯಾರೂ ಹೊರಗೆ ಒಣಹಾಕುವುದಿಲ್ಲ. ಹಾಕಿದರೆ ಎರಡನೇ ಸಲ ಒಗೆಯಬೇಕು. ಆ ಧೂಳು ಎದೆಯೊಳಗೆ ಹೋಗಿ ಕೂತರೆ ಕಲ್ಲಾಗಿಯೇ ಉಳಿಯುತ್ತದೆ. ಅದಕ್ಕೆ ಸರ್ಕಾರ ಒಂದು ಕಾಯಿದೆ ಮಾಡಿತ್ತು. ತಿಂಗಳಿಗೊಮ್ಮೆ ಪ್ರತಿ ಮನೆಗೆ ನಲವತ್ತೆರಡು ಕಾಲಂನ ಫಾರಂ ತುಂಬಬೇಕು. ನೂರು ಕೂಲಿಕಾರರಲ್ಲಿ ಮೂವರಿಗೆ ಕೆಮ್ಮು ಇದೆ ಎಂದಾದರೆ ಎದೆಯ ಚಿತ್ರ ತೆಗೆಯುವ ಬಸ್ಸು ಬರಬೇಕು, ತಪಾಸಣೆ ಮುಗಿಯುವವರೆಗೆ ಕ್ರಷರ್ ನಿಲ್ಲಬೇಕು. ಕೆಮ್ಮು ಇದ್ದವರಿಗೆ ಬಸ್ಸು ಬರುವ ತನಕ ವಿಶ್ರಾಂತಿ ಕೊಡಬೇಕು.

ವಿಶ್ರಾಂತಿ ಎಂಬ ಮಾತನ್ನು ಕಂತ್ರಾಟುದಾರರು ತಮ್ಮ ರೀತಿಯಲ್ಲಿ ಓದಿಕೊಂಡರು. ಫಾರಂನಲ್ಲಿ ಕೆಮ್ಮು ಎಂದು ಬಂದವರಿಗೆ ಮರುದಿನದಿಂದ ಕ್ವಾರಿಯ ಗೇಟು ತೆರೆಯಲಿಲ್ಲ.

ಹಾಗಾಗಿ ಹನ್ನೆರಡು ವರ್ಷ ಸಾಂವಕ್ಕ ಮತ್ತು ಸುತ್ತಲಿನ ಕಾಲನಿಗಳಲ್ಲಿ ಸರ್ವೇ ಮಾಡುವ ಹನ್ನೊಂದು ಹೆಂಗಸರು ಒಂದು ರೂಢಿ ನಡೆಸಿಕೊಂಡು ಬಂದಿದ್ದರು. “ಬರೀಬ್ಯಾಡ ಯಕ್ಕಾ, ನಿನ್ನ ಕಾಲ್ ಬೀಳ್ತೀನಿ” ಎಂದವರ ಫಾರಂನಲ್ಲಿ ಇಲ್ಲ ಎಂದು ಬರೆಯುವುದು. ಬರೆದು, ಹದಿನೇಳನೇ ಕಾಲಂನ ಪಕ್ಕ, ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವುದು. ಮಂಗಳವಾರ ಸಂತೆಯ ನೆಪದಲ್ಲಿ ಚುಕ್ಕೆಯವರನ್ನೆಲ್ಲ ಒಂದು ಟೆಂಪೋದಲ್ಲಿ ಹತ್ತಿಸಿಕೊಂಡು ಹೋಬಳಿಯ ದವಾಖಾನೆಗೆ ಹೋಗುವುದು. ಅಲ್ಲಿಯ ಡಾಕ್ಟರು ಕಾಗದ ಕೇಳುತ್ತಿರಲಿಲ್ಲ, ಎದೆಗೆ ಕಿವಿ ಕೊಡುತ್ತಿದ್ದರು. ಬಸ್ಸು ಎಂದೂ ಬರಲಿಲ್ಲ, ಗೇಟು ಎಂದೂ ಮುಚ್ಚಲಿಲ್ಲ, ಜನ ಹೇಗೋ ಉಸಿರಾಡಿಕೊಂಡಿದ್ದರು. ಸರ್ಕಾರದ ಕಣ್ಣಿಗೆ ಅದು ಸುಳ್ಳು. ಕಾಲನಿಯ ಕಣ್ಣಿಗೆ ಆ ಚುಕ್ಕೆಯೇ ಆಸ್ಪತ್ರೆ.

ಆ ಹನ್ನೊಂದು ಮಂದಿಯಲ್ಲದೆ ಮೊದಲು ಕಸ್ತೂರಿಯೂ ಅವರ ಜೊತೆಗಿದ್ದಳು. ಆರು ವರ್ಷ ಸಾಂವಕ್ಕನ ಬುತ್ತಿಯಲ್ಲೇ ರೊಟ್ಟಿ ಮುರಿದವಳು. ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದಳು, ಪರೀಕ್ಷೆ ಬರೆದಳು, ಜಿಲ್ಲೆಯ ದತ್ತಾಂಶ ಅಧಿಕಾರಿಯಾದಳು. ಅವಳಿಗೆ ಆರ್ಡರ್ ಬಂದ ದಿನ ಹನ್ನೆರಡೂ ಮಂದಿ ಕೂಡಿ ಕುಪ್ಪಸದ ಖಣ ಕೊಟ್ಟಿದ್ದರು. ನಮ್ಮವಳೊಬ್ಬಳು ಮೇಲೆ ಕೂತಳು ಎಂದು ನಂಬಿದ್ದರು.

ಕಾಗದ ನಿಲ್ಲಿಸಿ ಸಾಫ್ಟ್‌ವೇರ್ ತರಬೇಕೆಂದು ಮೇಲಿನಿಂದ ಹುಕುಂ ಬಂದಾಗ ಕಸ್ತೂರಿ ಒಂದು ಒಳ್ಳೆಯ ಕೆಲಸ ಮಾಡಿದಳು, ಅಥವಾ ಹಾಗೆ ಕಾಣಿಸಿತು. ಆಯ್ಕೆಯ ಸಭೆಗೆ ಸರ್ವೇ ಹೆಂಗಸರನ್ನೇ ಕರೆಸಿದಳು. ಜಿಲ್ಲಾ ಸಭಾಂಗಣ, ತಂಪು ಗಾಳಿ, ಎಲ್ಲರ ಮುಂದೆ ಬಾಟಲಿ ನೀರು. ಮೂರು ಕಂಪನಿಯವರು ಬಂದರು.

ಮೊದಲನೆಯದಕ್ಕೆ ಸದಾ ಸಿಗ್ನಲ್ ಬೇಕಿತ್ತು. ಕ್ವಾರಿಯ ಹೊಂಡದಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು ಎಂದು ಹೆಂಗಸರು ನಕ್ಕು ಬಿಟ್ಟರು. ಎರಡನೆಯದರ ಹೆಸರು ‘ಪಾಟಿ’. ಸಿಗ್ನಲ್ ಇಲ್ಲದಿದ್ದರೂ ಫಾರಂ ತುಂಬಬಹುದು, ಸಿಗ್ನಲ್ ಸಿಕ್ಕಾಗ ಇ-ಮೇಲ್ ಹೋಗುತ್ತದೆ. ಆದರೆ ಕಳಿಸುವ ಮೊದಲು ನಲವತ್ತೆರಡು ಉತ್ತರವನ್ನೂ ಗಟ್ಟಿಯಾಗಿ ಓದಿ ಹೇಳಿ, ಕಳಿಸಲೇ ಎಂದು ಮನೆಯವರ ಎದುರಿಗೇ ಕೇಳುತ್ತದೆ. ಒಂದು ಮನೆಗೆ ಇಪ್ಪತ್ತು ನಿಮಿಷ.

ಮೂರನೆಯದು ಸರಾಗ. ಅದನ್ನು ತಂದವನು ಚಿನ್ಮಯ ಎಂಬ ಎಂಜಿನಿಯರ್, ತೆಳ್ಳಗಿನ ಹುಡುಗ, ಮಾತಿಗೊಮ್ಮೆ ‘ಮೇಡಂ’ ಎನ್ನುವವನು.

“ಇದರಲ್ಲಿ ನೀವು ಏನೂ ತುಂಬಬೇಕಾಗಿಲ್ಲ ಮೇಡಂ. ಮನೆ ಮುಂದೆ ನಿಂತು ಮಾತಾಡಿಸಿ, ಅಷ್ಟೆ. ನಿಮ್ಮ ಹನ್ನೆರಡು ವರ್ಷದ ಕಾಗದಗಳನ್ನ ಇದಕ್ಕೆ ಓದಿಸಿದ್ದೀವಿ. ಎರಡು ವರ್ಷದ ಹಿಂದೆ ತರಬೇತಿಗೆ ಅಂತ ಫೋನ್ ಕೊಟ್ಟಿದ್ರಲ್ಲ, ಆ ಫೋನ್ ನೀವು ಮನೆಮನೆಯಲ್ಲಿ ಮಾತಾಡಿದ್ದನ್ನೂ ಉಳಿಸಿಕೊಂಡಿದೆ. ಏನು ಕೇಳಿಸಿದಾಗ ನಿಮ್ಮ ಪೆನ್ನು ಏನು ಬರೀತು ಅನ್ನೋದು ಇದಕ್ಕೆ ಗೊತ್ತು.”

“ನಮ್ಮ ಮಾತು ಕದ್ದು ಕೇಳ್ಯಾವ ಅಂದಂಗಾತು,” ಎಂದಳು ಹಿಂದಿನ ಸಾಲಿನ ಬಾಳವ್ವ.

“ಕದ್ದು ಅಲ್ಲ ಮೇಡಂ. ಕಲಿಯೋಕೆ.”

“ನನ್ನ ಗಂಡನ ಬೈಗಳಾನೂ ಕಲ್ತೈತೇನು ಕೇಳ್ರಿ.”

ಸಭೆ ನಕ್ಕಿತು. ಆ ನಗೆಯಲ್ಲಿ ಒಂದು ದೊಡ್ಡ ಪ್ರಶ್ನೆ ಕೊಚ್ಚಿಹೋಯಿತು.

ಚಿನ್ಮಯ ಪರೀಕ್ಷೆಗೆಂದು ಯಂತ್ರವನ್ನು ಸಾಂವಕ್ಕನ ಮುಂದೆ ಹಿಡಿದ. ಅವಳು ತನ್ನ ಮನೆಯ ಸುದ್ದಿಯನ್ನೇ ಹತ್ತು ಮಾತಿನಲ್ಲಿ ಹೇಳಿದಳು. ಪರದೆಯ ಮೇಲೆ ಫಾರಂ ತುಂಬಿಕೊಂಡಿತು. ಅವಳು ‘ಬೋರಿನ ನೀರು’ ಎಂದು ಬರೆಯುವ ಕಡೆ ಬೋರಿನ ನೀರು, ಗೆರೆ ಎಳೆಯುವ ಕಡೆ ಗೆರೆ. ಕನ್ನಡಿ ನೋಡಿದ ಹಾಗಾಯಿತು. ಇನ್ನೂರ ಹದಿನಾಲ್ಕು ಮನೆಗೆ ಹತ್ತು ದಿನ ತಿರುಗುತ್ತಿದ್ದ ಕಾಲು ಆ ಕುರ್ಚಿಯ ಕೆಳಗೆ ನೋಯುತ್ತಿತ್ತು.

ಕಸ್ತೂರಿ ಬಗ್ಗಿ ಕಿವಿಯಲ್ಲಿ ಹೇಳಿದಳು: “ಅಕ್ಕಾ, ನೀ ಕೈ ಎತ್ತಿದ್ರ ಉಳದವ್ರೂ ಎತ್ತತಾರ. ಪಾಟಿ ತಗೊಂಡ್ರ ಸಾಯೂತನಕ ಓದ್ಕೊಂತ ನಿಂದ್ರಬೇಕಾಕ್ಕೈತಿ.”

ಸಾಂವಕ್ಕ ಕೈ ಎತ್ತಿದಳು.

ಮೊದಲ ತಿಂಗಳು ಹತ್ತು ದಿನದ ಕೆಲಸ ಮೂರು ದಿನಕ್ಕೆ ಮುಗಿಯಿತು. ಎರಡನೇ ತಿಂಗಳು ಅವಳಿಗೆ ಇನ್ನೂ ಎರಡು ಕಾಲನಿ ಕೊಟ್ಟರು. ಮಿಕ್ಕಿದ ಏಳು ದಿನ ಅವಳದಾಗಲಿಲ್ಲ. ಕಾಗದ ಹೋಯಿತು, ಕಾಗದದ ಜೊತೆ ಅಂಚೂ ಹೋಯಿತು. ಕೆಲವು ತಿಂಗಳು ಚುಕ್ಕೆಯವರನ್ನು ನೆನಪಿನಲ್ಲಿ ಇಟ್ಟುಕೊಂಡಳು. ಆರುನೂರು ಮನೆಯ ನೆನಪು ಯಾವ ತಲೆಯಲ್ಲಿ ನಿಂತೀತು? ಮಂಗಳವಾರದ ಟೆಂಪೋ ಮೊದಲು ಅರ್ಧ ತುಂಬಿತು, ಆಮೇಲೆ ನಿಂತಿತು. ಹೇಗಿದ್ದರೂ ಯಂತ್ರ ಕೆಮ್ಮನ್ನು ಕಿವಿಯಾರೆ ಕೇಳಿಸಿಕೊಳ್ಳುತ್ತಿದೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಸಭೆಯಲ್ಲಿ ಕಂಡ ಹಾಗೆ ಈಗ ಪರದೆಯ ಮೇಲೆ ಉತ್ತರ ಕಾಣುತ್ತಿರಲಿಲ್ಲ. ಮಾತು ಮುಗಿದ ಕೂಡಲೇ ಹಸಿರು ಬಣ್ಣ ಬಂದು ‘ತುಂಬಿ ಕಳಿಸಲಾಗಿದೆ’ ಎಂದು ತೋರಿಸುತ್ತಿತ್ತು.

ಹತ್ತನೇ ತಿಂಗಳ ಸರ್ವೇಗೆ ಹೋದಾಗ ಹುಲಗವ್ವ ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದುವ ಕೈ ನಡುನಡುವೆ ನಿಲ್ಲುತ್ತಿತ್ತು. ಗೋಡೆಯಾಚೆಯಿಂದ ದಿನವೂ ಕೇಳುತ್ತಿದ್ದ ಕೆಮ್ಮು ಎದುರಿಗೆ ಕೂತು ಕೇಳಿದಾಗ ಬೇರೆಯಾಗಿತ್ತು.

“ಎಷ್ಟ್ ದಿನ ಆತು?” ಸಾಂವಕ್ಕ ಕೇಳಿದಳು.

“ಮೂರು ವಾರ ಆತು ಯಕ್ಕಾ. ನಿನ್ನೆ ರಗತಾ ಬಿತ್ತು.” ಹುಲಗವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ಈ ಸಲ ಬರಿ. ಗೇಟ್ ಮುಚ್ಚಿದ್ರ ಮುಚ್ಲಿ. ನನ್ನಂಥವ್ರು ಇನ್ನೂ ಮಂದಿ ಅದಾರ, ಎಲ್ಲಾರೂ ಬರಸ್ತೀವಿ ಅಂದಾರ. ಬಸ್ಸರ ಬರ್ಲಿ.”

“ನಾ ಏನ್ ಬರಿಯೂದೈತಿ, ಅದ ಕೇಳಿಸ್ಕೊಂಡೈತಿ ನೋಡು.”

“ಕೇಳಿಸ್ಕೊಳ್ಳಿ ಹಂಗಾರ,” ಎಂದು ಹುಲಗವ್ವ ಯಂತ್ರವನ್ನು ಬಾಯಿಯ ಹತ್ತಿರ ಎಳೆದುಕೊಂಡಳು. “ಏ ತಂಗಿ, ನನಗ ಕೆಮ್ಮೈತಿ. ಹುಲಗವ್ವ ಅಂತ ನನ್ನ ಹೆಸರು. ಬಿಡಿಸಿ ಬರಿ.” ಇಬ್ಬರೂ ನಕ್ಕರು. ನಗು ಕೆಮ್ಮಾಯಿತು. ಪರದೆ ಹಸಿರಾಯಿತು.

ಆ ತಿಂಗಳು ಕಾಲನಿಯಲ್ಲಿ ಇಪ್ಪತ್ತಮೂರು ಜನ ಧೈರ್ಯ ಮಾಡಿ ಬಾಯಿಬಿಟ್ಟು ಹೇಳಿದರು. ಬಸ್ಸಿಗಾಗಿ ಕಾದರು. ಹುಲಗವ್ವ ಆಸ್ಪತ್ರೆಗೆ ಹೋಗಲೂ ಒಪ್ಪದೆ ಕಾದಳು; ಬಸ್ಸು ಬಂದಾಗ ತಾನೇ ಇರದಿದ್ದರೆ ಲೆಕ್ಕಕ್ಕೆ ಒಂದು ತಲೆ ಕಡಿಮೆಯಾದೀತು ಎಂಬ ಹಟ. ಗೇಟೂ ಮುಚ್ಚಲಿಲ್ಲ, ಬಸ್ಸೂ ಬರಲಿಲ್ಲ.

ಮಣ್ಣು ಮಾಡಿದ ಮೂರನೇ ದಿನ ಸಾಂವಕ್ಕ ತಾಲ್ಲೂಕಿನ ದತ್ತಾಂಶ ಕೇಂದ್ರಕ್ಕೆ ಹೋದಳು. ಗೋಡೆ ತುಂಬ ಪರದೆ. ಕಾಲನಿಗೊಂದರಂತೆ ಹಸಿರು ಚೌಕಗಳು, ಒಂದೂ ಕೆಂಪಿಲ್ಲ. ಚಿನ್ಮಯ ಅಲ್ಲೇ ಬೀಡುಬಿಟ್ಟಿದ್ದ. ಹುಲಗವ್ವನ ಫಾರಂ ತೋರಿಸು ಎಂದಾಗ ಅವನಿಗೆ ಮುಚ್ಚಿಡಬೇಕು ಎಂದೂ ಹೊಳೆಯಲಿಲ್ಲ. ಪ್ರಿಂಟ್ ತೆಗೆದುಕೊಟ್ಟ.

ಹೆಸರು, ವಯಸ್ಸು, ನೀರು, ಒಲೆ. ಹದಿನೇಳು: ಇಲ್ಲ. ಕೆಳಗೆ ಸಮೀಕ್ಷಕಿ ಸಾಂವಕ್ಕ ಎಂದು ಅವಳದೇ ಅಕ್ಷರದಂತೆ ತಿದ್ದಿದ ಸಹಿ.

“ಆಕಿ ಹೇಳ್ಯಾಳ. ಹೆಸರು ಬಿಡಿಸಿ ಹೇಳ್ಯಾಳ. ನಿಮ್ಮ ಮಷೀನಿಗೆ ಕಿವಿ ಇಲ್ಲೇನು?”

ಚಿನ್ಮಯ ಆ ದಿನದ ಧ್ವನಿಮುದ್ರಿಕೆ ಹಾಕಿದ. ಸತ್ತವಳ ದನಿ ಕೋಣೆಯಲ್ಲಿ ನಗುತ್ತ ಕೆಮ್ಮಿತು. ಸಾಂವಕ್ಕ ಮೇಜಿನ ಅಂಚು ಹಿಡಿದುಕೊಂಡಳು.

“ಕೇಳಿಸಿದೆ ಮೇಡಂ. ಕೆಮ್ಮು ಅಂತ ಗುರುತೂ ಹಿಡಿದಿದೆ.” ಅವನು ಗೊಂದಲದಿಂದ ಪರದೆ ಸರಿಸಿದ. “ಆದರೆ ನಿಮ್ಮ ಕಾಲನಿಗಳಲ್ಲಿ ಕೆಮ್ಮು ಕೇಳಿಸಿದಾಗಲೆಲ್ಲ ಕಾಗದದಲ್ಲಿ ‘ಇಲ್ಲ’ ಅಂತಲೇ ಬಂದಿದೆ. ಬೇರೆ ಊರಲ್ಲಿ ಹಾಗಿಲ್ಲ. ಆಳು ಕೆಮ್ಮಿದರೆ, ಕೆಮ್ಮು ಅಂತ ಹೇಳಿದರೂ, ಇಲ್ಲಿ ಉತ್ತರ ‘ಇಲ್ಲ’. ಅದು ನಿಮ್ಮಿಂದಲೇ ಕಲಿತದ್ದು ಮೇಡಂ.”

ಹನ್ನೆರಡು ವರ್ಷದ ಕರುಣೆಯನ್ನು ಯಂತ್ರ ತಪ್ಪಿಲ್ಲದೆ ಕಲಿತಿತ್ತು. ಬರೀಬ್ಯಾಡ ಎಂದವರಿಗಾಗಿ ಆಡಿದ ಸುಳ್ಳನ್ನು, ಬರಿ ಎಂದು ಬೇಡಿದವರ ಮೇಲೆ ಹೊರಿಸಿತ್ತು.

“ಇಲ್ಲ ಅಂತ ಬರದು ಪಕ್ಕಕ್ಕ ಚುಕ್ಕಿ ಇಡ್ತಿದ್ವಿ,” ಎಂದಳು ಸಾಂವಕ್ಕ. ಹೊರಗಿನವನೊಬ್ಬನ ಮುಂದೆ ಅದನ್ನು ಆಡಿದ್ದು ಅದೇ ಮೊದಲು. “ಅದನ್ನ ಓದಲಿಲ್ಲೇನು ಇದು?”

ಚಿನ್ಮಯನ ಮುಖ ಬದಲಾಯಿತು. ಹಳೆಯ ಕಡತವೊಂದನ್ನು ತೆರೆದ. “ಓದಿತ್ತು ಮೇಡಂ. ಇದು ಕೊಳೆಯಾಗಿರೋಕೆ ಸಾಧ್ಯವಿಲ್ಲ, ಯಾವಾಗಲೂ ಒಂದೇ ಜಾಗದಲ್ಲಿದೆ, ಏನಿದು ಅಂತ ಅದೇ ಕೇಳಿತ್ತು. ನಾವು ಜಿಲ್ಲೆಗೆ ಬರೆದ್ವಿ. ಜಿಲ್ಲೆಯಿಂದ ಉತ್ತರ ಬಂತು.”

ಉತ್ತರ ಒಂದೇ ಸಾಲು. ‘ಅಂಚಿನ ಚುಕ್ಕೆಗಳು ಧೂಳಿನ ಕಲೆ. ಅಳಿಸಿ ಮುಂದುವರಿಸಿ.’ ಕೆಳಗೆ ಕಸ್ತೂರಿಯ ಹೆಸರು, ಹುದ್ದೆ. ತಾರೀಖು ಆಯ್ಕೆಯ ಸಭೆಗಿಂತ ಎರಡು ತಿಂಗಳು ಹಿಂದಿನದು.

ಸಾಂವಕ್ಕ ಆ ಸಾಲನ್ನು ಎರಡು ಸಲ ಓದಿದಳು. ಆರು ವರ್ಷ ಆ ಚುಕ್ಕೆ ಇಟ್ಟ ಕೈ ಅದನ್ನು ಬರೆದಿತ್ತು. ಸಭಾಂಗಣ, ಬಾಟಲಿ ನೀರು, ಮೂರು ಕಂಪನಿ, ಕಿವಿಯಲ್ಲಿ ಆಡಿದ ಮಾತು ಎಲ್ಲವೂ ಬಡವರನ್ನು ಕೂಡಿಸಿ ಕೈ ಎತ್ತಿಸುವ ಆಟವಾಗಿತ್ತು. ಆರಿಸಿದ್ದು ಅವರಲ್ಲ. ಆರಿಸಿ ಇಟ್ಟಿದ್ದರ ಹೊಣೆ ಹೊರಲು ಅವರನ್ನು ಕರೆಸಿದ್ದರು.

ಮನೆಗೆ ಬಂದಾಗ ಹುಲಗವ್ವನ ಗಂಡ ಭರಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಕ್ವಾರಿಯಲ್ಲಿ ಡ್ರಿಲ್ ಹಿಡಿದು ಹದಿನೆಂಟು ವರ್ಷ. ಅವನ ಎದೆಯಿಂದ ಮರಳು ಜರಡಿ ಹಿಡಿದಂತೆ ಸದ್ದು ಬರುತ್ತಿತ್ತು. ಸಾಂವಕ್ಕ ಎಲ್ಲವನ್ನೂ ಹೇಳಿದಳು, ತನ್ನ ಕೈ ಎತ್ತಿದ್ದನ್ನೂ ಬಿಡದೆ.

ಅವನು ಕೇಳಿದ: “ನಂದೂ ಇಲ್ಲ ಅಂತ ಹೋಗೇತೇನ್ ಯಕ್ಕಾ?”

“ಹೋಗೈತಿ.”

“ಮತ್ತ ಇದೇನು ಹಂಗಾರ,” ಎಂದು ಎದೆಯ ಮೇಲೆ ಅಂಗೈ ಬಡಿದುಕೊಂಡ. “ಸರ್ಕಾರದಾಗ ಇಲ್ಲದ್ದು ನನ್ನೊಳಗ ಹೆಂಗ ಕುಂತೈತಿ? ಬಾಡಿಗಿ ಕೊಡು ಅಂತ ಕೇಳ್ಲೇನು ಅದಕ್ಕ?” ನಗಲು ಹೋಗಿ ಕೆಮ್ಮಿದ. “ನೀ ನನಗ ಅಕ್ಕ ಇದ್ದಂಗ. ಬೈಯಾಕ ಬಾಯಿ ಬರವಲ್ದು. ಆದ್ರ ಸಿಟ್ಟು ಬಂದೈತಿ, ಅದನ್ನ ತಿಳ್ಕೊ.”

“ತಿಳ್ಕೊಂಡೀನಿ.”

“ಮತ್ತ ಏನ್ ಮಾಡ್ತಿ?”

ಅವಳು ಉತ್ತರ ಹೇಳುವ ಮೊದಲೇ ಉತ್ತರ ಕೇಳುವ ಪತ್ರ ಜಿಲ್ಲೆಯಿಂದ ಬಂತು. ಬಿಳಿಗುಡ್ಡ ಹತ್ತು ತಿಂಗಳು ಕೆಮ್ಮಿಲ್ಲದ ಕಾಲನಿ ಎಂದು ದಾಖಲಾಗಿದೆ. ಬಸ್ಸಿನ ಮಾರ್ಗದಿಂದ, ನಿಗಾ ಪಟ್ಟಿಯಿಂದ ಅದನ್ನು ಕೈಬಿಡಲಾಗುವುದು. ಸಮೀಕ್ಷಕಿ ಖುದ್ದಾಗಿ ಬಂದು ಫಾರಂಗಳು ಸರಿ ಇವೆ ಎಂದು ಧ್ವನಿ ಸಾಕ್ಷಿ ಕೊಡಬೇಕು. ಒಮ್ಮೆ ಸಾಕ್ಷಿಯಾದರೆ ಐದು ವರ್ಷ ಯಾರೂ ಪ್ರಶ್ನಿಸುವಂತಿಲ್ಲ. ಆ ಸಾಕ್ಷಿಯ ಆಧಾರದ ಮೇಲೆ ರಾಜ್ಯದ ಎಲ್ಲ ಕ್ವಾರಿ ತಾಲ್ಲೂಕುಗಳಿಗೂ ಸರಾಗ ಹೋಗುತ್ತದೆ.

ಭರಮಪ್ಪನ ಎದೆಯಲ್ಲಿ ಐದು ವರ್ಷದ ಉಸಿರು ಉಳಿದಿರಲಿಲ್ಲ.

ಹೋಗುವ ಹಿಂದಿನ ದಿನ ಸಾಂವಕ್ಕ ಹನ್ನೊಂದೂ ಮಂದಿಯ ಮನೆಗೆ ಹೋದಳು. ಕೂತು ಹೇಳಿದಳು, ಚಹಾ ಕೊಟ್ಟ ಕಡೆ ಕುಡಿದಳು, ಬೈದ ಕಡೆ ಬೈಸಿಕೊಂಡಳು.

ಜಿಲ್ಲಾ ಕಚೇರಿಯ ಕೋಣೆಯಲ್ಲಿ ಕಸ್ತೂರಿ, ಚಿನ್ಮಯ, ಮೇಜಿನ ಮೇಲೆ ಯಂತ್ರ. ಹೊರಗೆ ಮಧ್ಯಾಹ್ನದ ಬಿಸಿಲು ಕಿಟಕಿಯ ಗಾಜಿಗೆ ಹೊಡೆಯುತ್ತಿತ್ತು. ಸಾಕ್ಷಿಪತ್ರದ ಫಾರಂ ಆಗಲೇ ತುಂಬಿತ್ತು. ಸಾಂವಕ್ಕನ ಹೆಸರು, ಊರು, ಕಡೆಯ ಕಾಲಂನಲ್ಲಿ ‘ಸರಿ ಇದೆ’.

“ಇದನ್ನ ಯಾರ್ ತುಂಬಿದ್ರು?” ಸಾಂವಕ್ಕ ಕೇಳಿದಳು.

ಚಿನ್ಮಯ ನೆಲ ನೋಡಿದ. “ಸರಾಗ ಮೇಡಂ. ನೀವು ಏನು ಹೇಳ್ತೀರಿ ಅಂತ ಅದು ಅಂದಾಜು ಮಾಡಿದೆ. ಇಷ್ಟು ವರ್ಷದಲ್ಲಿ ಮೇಲಿನವರು ಕೇಳಿದ ಯಾವ ಸಹಿಯನ್ನೂ ನೀವು ತಡೆದಿಲ್ಲ. ಕಾನೂನಿಗೆ ಮಾತ್ರ ನಿಮ್ಮ ಬಾಯಿಂದ ಬರಬೇಕು.”

“ಎರಡ ಶಬ್ದ ಅಕ್ಕಾ,” ಎಂದಳು ಕಸ್ತೂರಿ. “ಅಂದ್ಬಿಡು, ಊಟಕ್ಕ ಹೋಗೂಣು.”

“ನಿಮ್ಮ ಜೋಡಿ ಊಟ ಮಾಡೂ ಅಷ್ಟು ದೊಡ್ಡಾಕಿ ನಾ ಅಲ್ರಿ, ಮೇಡಂ.”

ಆ ‘ಮೇಡಂ’ ಕಸ್ತೂರಿಯ ಮುಖಕ್ಕೆ ತಾಗಿತು. ಅವಳು ಚಿನ್ಮಯನನ್ನು ಹೊರಗೆ ಕಳಿಸಲಿಲ್ಲ, ದನಿ ತಗ್ಗಿಸಿದಳು ಅಷ್ಟೆ. “ನಿನಗ ಸಿಟ್ಟೈತಿ. ಇರ್ಲಿ. ಆದ್ರ ವಿಚಾರ ಮಾಡು. ಚುಕ್ಕಿ ಅಂದ್ರ ಏನಂತ ನಾ ಖರೇ ಬರದು ಕೊಟ್ಟಿದ್ರ ಏನಾಗ್ತಿತ್ತು? ಹನ್ನೆರಡು ವರ್ಷ ಸರ್ಕಾರಕ್ಕ ಸುಳ್ಳು ಕಾಗದಾ ಕೊಟ್ಟಾರ ಅಂತ ನಿಮ್ಮನ್ನೆಲ್ಲಾ ಎಳಕೊಂಡು ಹೋಗ್ತಿದ್ರು. ನಾ ಅಳಿಸಿದ್ದು ನಿಮ್ಮ ಸಲುವಾಗಿ.”

“ನಿಮ್ಮ ಚುಕ್ಕಿನೂ ಇದ್ದುವಲ್ಲ ಅದರಾಗ. ಆರು ವರ್ಷದ್ದು.”

ಕಸ್ತೂರಿ ಚಿನ್ಮಯನ ಕಡೆ ಕಣ್ಣು ಹಾಯಿಸಿದಳು.

“ನಮ್ಮ ಸಲುವಾಗಿ ಅಂದ್ರ ನಮಗೊಂದು ಮಾತು ಹೇಳ್ತಿದ್ರಿ. ನಮ್ಮನ್ನ ಕರಸಿ, ನೀರು ಕುಡಿಸಿ, ಕೈ ಎತ್ತಸ್ತಿರಲಿಲ್ಲ. ಓದಿ ತೋರ್ಸೂ ಪಾಟಿ ಇತ್ತು. ಅದನ್ನ ತಗೊಂಡಿದ್ರ ಹುಲಗವ್ವ ತನ್ನ ಕಿವಿಲೆ ಕೇಳಿ ಜಗಳಾ ತಗೀತಿದ್ಳು. ಆಕಿ ಬಾಯಿ ನಿಮಗ ಗೊತ್ತದಲ್ಲ.”

“ಸತ್ತಾಕಿ ಬರಾಂಗಿಲ್ಲ.” ಕಸ್ತೂರಿಯ ದನಿ ಗಟ್ಟಿಯಾಯಿತು. “ಇದ್ದವ್ರನ್ನ ನೋಡು. ನೀ ಒಲ್ಲೆ ಅಂದ್ರ ಹಳೀ ಕಾಗದಾ ತನಿಖೆಗೆ ಹೋಗ್ತಾವು. ಮೊದಲ ಹೆಸರು ನಿಂದು. ಕೆಲಸ ಹೋಕ್ಕೈತಿ, ಜೈಲೂ ಆದೀತು. ನಿನ್ನ ಹಿಂದ ಹನ್ನೊಂದು ಹೆಣ್ಮಕ್ಕಳು. ಅವ್ರನ್ನ ಕೇಳೀಯೇನು?”

“ಕೇಳಿ ಬಂದೀನ್ರಿ. ಏಳು ಮಂದಿ ಹೂಂ ಅಂದಾರ. ನಾಕು ಮಂದಿ ನನ್ನ ಮಾರಿ ನೋಡಾಂಗಿಲ್ಲ ಅಂದಾರ. ಬಾಳವ್ವ ಚಹಾದ ಕಪ್ಪು ನನ್ನ ಕಾಲಾಗ ಎತ್ತಿ ಒಗದ್ಳು.”

“ಆ ನಾಕು ಮಂದಿ ಸಲುವಾಗಿಯಾದ್ರೂ ಅನ್ನು.”

ಬಾಳವ್ವನ ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲ. ತನ್ನ ಮಾತಿನಿಂದ ಆ ಮನೆಯ ಒಲೆ ಆರಬಹುದು ಎಂಬುದು ಸಾಂವಕ್ಕನಿಗೆ ಗೊತ್ತಿತ್ತು. ಅದನ್ನು ಯಾವ ನ್ಯಾಯವೂ ಹಗುರ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಬಿಳಿಗುಡ್ಡದಲ್ಲಿ ಇಪ್ಪತ್ತೆರಡು ಜನ ಇನ್ನೂ ಬಸ್ಸಿನ ದಾರಿ ನೋಡುತ್ತಿದ್ದರು.

“ಸುಳ್ಳು ನಾನ ಬರದೀನಿ,” ಎಂದಳು. “ತನಿಖಿದವ್ರು ಬರ್ಲಿ. ಯಾರ ಸಲುವಾಗಿ ಬರದೆ, ಗೇಟು ಯಾರು ಮುಚ್ಚತಿದ್ರು, ಎಲ್ಲಾ ಹೇಳ್ತೀನಿ. ನನ್ನ ಸುಳ್ಳನ್ನ ನಾ ಹೊರ್ತೀನಿ. ನಿಮ್ಮದನ್ನ ನನ್ನ ಬಾಯಾಗ ಇಡಬ್ಯಾಡ್ರಿ.”

ಕಸ್ತೂರಿ ಎದ್ದು ಯಂತ್ರವನ್ನು ಅವಳ ಎದುರಿಗೆ ಸರಿಸಿದಳು. “ನಾ ಈಗ ನಿನ್ನ ಗೆಳತಿಯಾಗಿ ಹೇಳಾಕತ್ತಿಲ್ಲ. ಅಧಿಕಾರಿಯಾಗಿ ಹೇಳಾಕತ್ತೀನಿ. ಅನ್ನು.”

ಪರದೆ ಬೆಳಗಿತು. ಒಳಗಿನಿಂದ ನಯವಾದ ಹೆಣ್ಣುದನಿಯೊಂದು ಕೇಳಿತು: “ಸಾಂವಕ್ಕ ಅವರೇ, ‘ಸರಿ ಇದೆ’ ಎಂದು ಹೇಳಿ.”

ಯಂತ್ರ ಕಾದು ಎರಡನೇ ಸಲ ಕೇಳಿತು, ಅದೇ ನಯದಲ್ಲಿ. ಮೂರನೇ ಸಲವೂ ಕೇಳಿತು.

“ಅನ್ನಾಂಗಿಲ್ಲ,” ಎಂದಳು ಸಾಂವಕ್ಕ.